ಹೊಳೆಗೆ ಇಳಿಯುವ ಮೊದಲು ಹತ್ತುವ ದಂಡೆ ನೋಡಿ

ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾಡು, ಗುಡ್ಡ, ಹೊಳೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನೀರಿನ ಬಗ್ಗೆಯೇ ಇವೆ. ಮಳೆ ಹಿಂದಾಗುತ್ತಿದ್ದಂತೆ ಧಾರವಾಡ, ಹುಬ್ಬಳ್ಳಿಯವರಿಗೆ ಕಾಳಿ ನದಿ ನೆನಪಾಗುತ್ತದೆ, ಹಾವೇರಿಯವರಿಗೆ ವರದೆ, ಗದಗಿನವರಿಗೆ ಕಪ್ಪತಗುಡ್ಡ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ನಮಸ್ಕಾರ್ರಿ. ನಾವು ಆರು ಮಂದಿ ಗೆಳೆಯರು ಗಣೇಶಗುಡಿಗೆ ರ‍್ಯಾಫ್ಟಿಂಗ್‌ಗೆ ಹೋಗಿದ್ವಿ. ಹಿಂದಿನ ದಿನ ಜೋರು ಮಳಿ ಆಗಿತ್ತು, ಹೊಳಿ ತುಂಬಿರ್ತದ ಅಂತ ಹೋದ್ರ ‘ಈಗ ನೀರಿಲ್ಲ, ಮಧ್ಯಾಹ್ನ ನೋಡೂಣು’ ಅಂದ್ರು. ಮಳಿ ಬಂದ್ರೂ ನೀರು ಯಾಕ ಇರೂದಿಲ್ಲ?
— ಪದವಿ ವಿದ್ಯಾರ್ಥಿ, ಧಾರವಾಡ

ಗಣೇಶಗುಡಿಯ ಕೆಳಗೆ ಕಾಳಿ ಹರಿಯುವುದು ಮೋಡ ನೋಡಿ ಅಲ್ಲ, ಕರೆಂಟಿನ ಬೇಡಿಕೆ ನೋಡಿ. ಊರಿನ ನೆತ್ತಿಯ ಮೇಲೆಯೇ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ನಿಂತಿದೆ. ಅದರ ಬುಡದ ವಿದ್ಯುದಾಗಾರದಲ್ಲಿ 50 ಮೆಗಾವಾಟಿನ ಎರಡು ಯಂತ್ರಗಳಿವೆ. ಯಂತ್ರ ತಿರುಗಿದರೆ ಹೊಳೆಗೆ ನೀರು, ನಿಂತರೆ ಬಂಡೆಗಳು ಮೇಲೇಳುತ್ತವೆ. ಜೊಯಿಡಾ ಕಾಡಿನಲ್ಲಿ ಬಿದ್ದ ಮಳೆ ಜಲಾಶಯದಲ್ಲಿ ಸೇರುತ್ತದೆಯೇ ಹೊರತು ನೇರವಾಗಿ ನಿಮ್ಮ ರ‍್ಯಾಫ್ಟಿನ ಕೆಳಗೆ ಬರುವುದಿಲ್ಲ. ಜಲಾಶಯ ತುಂಬಿ ಗೇಟು ತೆಗೆದ ದಿನ ಬರುವ ನೀರಿನಲ್ಲಿ ಯಾರೂ ರ‍್ಯಾಫ್ಟ್ ಇಳಿಸುವುದಿಲ್ಲ, ಇಳಿಸಲೂಬಾರದು. ಆದ್ದರಿಂದ ಹಿಂದಿನ ಸಂಜೆ ಒಮ್ಮೆ, ಹೊರಡುವ ಬೆಳಿಗ್ಗೆ ಇನ್ನೊಮ್ಮೆ ಫೋನ್ ಮಾಡಿ ‘ಇಂದು ನೀರು ಎಷ್ಟು ಗಂಟೆಗೆ?’ ಎಂದು ಕೇಳಿ. ಧಾರವಾಡದಿಂದ ಹಳಿಯಾಳದ ಮೇಲೆ ದಾಂಡೇಲಿಗೆ ಸುಮಾರು 55 ಕಿ.ಮೀ., ಅಲ್ಲಿಂದ ಗಣೇಶಗುಡಿಗೆ ಮತ್ತೆ 25. ಬೆಳಗಿನ ಹೊತ್ತಿಗೇ ಎಂದು ಲೆಕ್ಕ ಹಾಕಿ ಹೊರಟವರು ಕೈಬೀಸಿಕೊಂಡು ವಾಪಸ್ ಬರಬೇಕಾಗುತ್ತದೆ. ಇಡೀ ದಿನ ಬಿಡುವಿಟ್ಟುಕೊಂಡು ಹೋಗಿ.

ನೀವು ಕೇಳದ ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ನೀರಿಲ್ಲದ ಹೊತ್ತಿನಲ್ಲಿ ಹೊಳೆಯ ನಡುವಿನ ಬಂಡೆಗಳ ಮೇಲೆ ಕುಳಿತು ಬುತ್ತಿ ಬಿಚ್ಚುವುದು, ಫೋಟೊ ತೆಗೆಯುವುದು ನಮ್ಮ ಜನರಿಗೆ ಇಷ್ಟ. ಮೇಲೆ ಯಂತ್ರ ಚಾಲೂ ಆದರೆ ಬಿಸಿಲಿದ್ದ ಹಾಗೆಯೇ ನೀರು ಏರುತ್ತದೆ. ಮೊಣಕಾಲು ಮಟ್ಟದಲ್ಲಿ ದಾಟಿ ಹೋಗಿದ್ದ ಜಾಗ ವಾಪಸ್ ಬರುವಾಗ ಎದೆಮಟ್ಟ ಆಗಿರುತ್ತದೆ. ಅಣೆಕಟ್ಟಿನ ಕೆಳಗೆ ಎಲ್ಲೇ ಕುಳಿತರೂ ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ನೆಟ್ಟು ಹತ್ತು ನಿಮಿಷಕ್ಕೊಮ್ಮೆ ನೋಡುತ್ತಿರಿ. ಕಡ್ಡಿಯ ಬುಡ ನೀರಿಗೆ ಸೇರಿತೆಂದರೆ ಸಾಮಾನು ಕಟ್ಟುತ್ತ ಕೂಡಬೇಡಿ, ಎದ್ದು ದಂಡೆಗೆ ಬನ್ನಿ.

ದುಡ್ಡು ಕೊಡುವ ಮುನ್ನ ಎಷ್ಟು ಕಿಲೋಮೀಟರು, ಎಷ್ಟು ರಭಸದ ಇಳಿತಗಳು ಎಂದು ಬಿಡಿಸಿ ಕೇಳಿ. ನಿಂತ ನೀರಿನಲ್ಲಿ ಅರ್ಧ ಗಂಟೆ ತೇಲಿಸಿ ತರುವುದಕ್ಕೂ ರ‍್ಯಾಫ್ಟಿಂಗ್ ಎಂದೇ ಹೆಸರು. ಹರಿವಿನ ಕಷ್ಟವನ್ನು 1ರಿಂದ 6ರವರೆಗೆ ಅಳೆಯುತ್ತಾರೆ. ಗಣೇಶಗುಡಿಯ ಇಳಿತಗಳು ಸಾಮಾನ್ಯವಾಗಿ 2ರಿಂದ 3ರೊಳಗೆ. ಹೊಸಬರಿಗೆ ಅಷ್ಟು ಸಾಕು. ಹೆಲ್ಮೆಟ್ ಇಲ್ಲದೆ, ಎಸೆಯುವ ಹಗ್ಗದ ಚೀಲ ಇಲ್ಲದೆ, ಮುಂದೆ ಹೋಗಿ ಕಾಯುವ ರಕ್ಷಣಾ ಕಯಾಕ್ (ಕಿರುದೋಣಿ) ಇಲ್ಲದೆ ಹೊರಡುವವರ ಜೊತೆ ಹೋಗಬೇಡಿ, ಎಷ್ಟೇ ಅಗ್ಗವಾಗಿರಲಿ.

ದೋಣಿಯೊಳಗೆ ಆಗುವ ಪೆಟ್ಟು ಹೆಚ್ಚಾಗಿ ನೀರಿನದಲ್ಲ, ಪಕ್ಕದವರ ಹುಟ್ಟಿನದು. ಹುಟ್ಟಿನ ಮೇಲ್ತುದಿಯಲ್ಲಿ ಅಡ್ಡ ಹಿಡಿಕೆ ಇರುತ್ತದಲ್ಲ, ಒಂದು ಕೈ ಅದನ್ನು ಮುಚ್ಚಿಯೇ ಇರಬೇಕು. ಕೈ ಬಿಟ್ಟ ಹಿಡಿಕೆ ಬಂಡೆ ತಗುಲಿದಾಗ ನೇರ ಪಕ್ಕದವರ ಹಲ್ಲಿಗೆ ಬಡಿಯುತ್ತದೆ. ನೀರಿಗೆ ಬಿದ್ದರೆ ಅಂಗಾತ ಮಲಗಿ, ಪಾದ ಹರಿವಿನ ಕಡೆಗೆ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ. ಹರಿಯುವ ನೀರಿನಲ್ಲಿ ಎದ್ದು ನಿಲ್ಲಲು ಹೋಗಬಾರದು. ಎರಡು ಕಲ್ಲಿನ ಸಂದಿಗೆ ಪಾದ ಸಿಕ್ಕಿಕೊಂಡರೆ ಹಿಂದಿನ ನೀರು ಮೈಯನ್ನು ಮುಂದಕ್ಕೆ ಬಾಗಿಸುತ್ತದೆ. ಸೊಂಟಮಟ್ಟದ ನೀರಿನಲ್ಲಿಯೂ ಜನ ಮುಳುಗುವುದು ಹೀಗೆಯೇ. ದಾಂಡೇಲಿ ಕಡೆಯ ನಿಧಾನದ ಮಡುಗಳಲ್ಲಿ ಮೊಸಳೆಗಳಿವೆ. ಈಜಾಡುವ ಆಸೆ ಅಲ್ಲಿ ಬೇಡ, ಬೆಳಗಿನ ಮತ್ತು ಸಂಜೆಯ ಮಬ್ಬಿನಲ್ಲಂತೂ ದಂಡೆಯಲ್ಲಿ ಕೂಡುವುದೂ ಬೇಡ.

ವರದಾ ನದಿಯಲ್ಲಿ ಗಾಳಿ ತುಂಬುವ ಕಯಾಕಿನಲ್ಲಿ, ಇಲ್ಲವೇ ಟ್ರ್ಯಾಕ್ಟರ್ ಟ್ಯೂಬಿನ ಮೇಲೆ, ಗಳಗನಾಥದ ಸಂಗಮದವರೆಗೆ ಎರಡು ದಿನದ ಪ್ರಯಾಣ ಮಾಡಬೇಕೆಂದಿದ್ದೇವೆ. ಅಲ್ಲಲ್ಲಿ ಹೊಳೆಗೆ ಅಡ್ಡ ಕಟ್ಟಿದ ಬಾಂದಾರಗಳಿವೆ. ಸಣ್ಣ ಬಾಂದಾರ, ಮೂರ‍್ನಾಲ್ಕು ಅಡಿ ಇಳಿತ ಅಷ್ಟೇ. ಅದರ ಮೇಲಿಂದ ಜಾರಿ ಇಳಿಯಬಹುದೇ?
— ಇಬ್ಬರು ಶಿಕ್ಷಕರು, ಹಾವೇರಿ

ಬೇಡ. ನಿಮ್ಮ ಇಡೀ ದಾರಿಯಲ್ಲಿ ಜೀವ ತೆಗೆಯುವಂಥದ್ದು ಏನಾದರೂ ಇದ್ದರೆ ಅದೇ ‘ಅಷ್ಟೇ’.

ಬಾಂದಾರದ ಮೇಲಿಂದ ಬಿದ್ದ ನೀರು ಕೆಳಗಿನ ನೀರನ್ನು ಕೊರೆದುಕೊಂಡು ತಳಕ್ಕೆ ಹೋಗುತ್ತದೆ. ಅದು ಒಂದಷ್ಟು ದೂರ ತಳದಲ್ಲಿಯೇ ಸಾಗಿ ಮೇಲೇಳುತ್ತದೆ. ಮೇಲೆದ್ದ ನೀರಿನಲ್ಲಿ ಒಂದು ಪಾಲು ಮುಂದೆ ಹೋಗುತ್ತದೆ, ಇನ್ನೊಂದು ಪಾಲು ಮೇಲ್ಮೈಯಲ್ಲಿ ಹಿಂದಕ್ಕೆ, ಗೋಡೆಯ ಕಡೆಗೇ ಹರಿಯುತ್ತದೆ. ಒಣ ತೆಂಗಿನಕಾಯಿಯೊಂದು ಬಾಂದಾರದ ಬುಡದಲ್ಲಿ ಸಿಕ್ಕಿಕೊಂಡದ್ದನ್ನು ನೋಡಿದ್ದರೆ ನಿಮಗೆ ಇದು ಗೊತ್ತು: ಗೋಡೆಗೆ ಹೋಗುತ್ತದೆ, ಮುಳುಗುತ್ತದೆ, ಎರಡು ಮಾರು ಆಚೆ ಏಳುತ್ತದೆ, ಮತ್ತೆ ಗೋಡೆಗೇ ಬರುತ್ತದೆ, ಗಂಟೆಗಟ್ಟಲೆ. ಮನುಷ್ಯನಿಗೂ ಅದೇ ಗತಿ. ಅದರ ಮೇಲೆ, ಅಲ್ಲಿನ ನೀರಿನಲ್ಲಿ ನೊರೆ ತುಂಬಿರುತ್ತದೆ. ನೊರೆನೀರು ಹಗುರ, ಹಾಗಾಗಿ ಲೈಫ್ ಜಾಕೆಟ್ ಕೂಡ ಎಂದಿನಷ್ಟು ಎತ್ತಿ ಹಿಡಿಯುವುದಿಲ್ಲ. ನೈಸರ್ಗಿಕ ಬಂಡೆಯ ಇಳಿತದಲ್ಲಿ ಎಲ್ಲಾದರೂ ಒಂದು ಕಡೆ ನೀರು ಸೀಳಿ ಹೊರಹೋಗುವ ಸಂದಿ ಇರುತ್ತದೆ. ಬಾಂದಾರ ದಂಡೆಯಿಂದ ದಂಡೆಗೆ ಒಂದೇ ಸಮ ಕಟ್ಟಿದ್ದು, ಪಕ್ಕಕ್ಕೆ ಈಜಿ ಹೊರಬರೋಣವೆಂದರೆ ಎರಡೂ ಕಡೆ ಸಿಮೆಂಟು ಗೋಡೆ.

ಮೇಲಿನಿಂದ ಬರುವಾಗ ಬಾಂದಾರ ಕಾಣುವುದೇ ಇಲ್ಲ, ಸಪ್ಪಳವೂ ಕಡಿಮೆ. ಹೊಳೆಗೆ ಅಡ್ಡ ದಾರ ಹಿಡಿದಂತೆ ಒಂದು ನೇರ ಗೆರೆ ಕಂಡರೆ, ಅದರಾಚೆಯ ಮರಗಳ ಬುಡ ಕಾಣದೆ ನೆತ್ತಿ ಮಾತ್ರ ಕಂಡರೆ ಅಲ್ಲಿ ಇಳಿತ ಇದೆ ಎಂದು ತಿಳಿಯಿರಿ. ಹೊರಡುವ ಮೊದಲೇ ಬೈಕಿನ ಮೇಲೆ ದಂಡೆಗುಂಟ ಹೋಗಿ ಪ್ರತಿ ಬಾಂದಾರ, ಪ್ರತಿ ಸೇತುವೆ ನೋಡಿ ಬನ್ನಿ. ಬಾಂದಾರಕ್ಕಿಂತ ಕನಿಷ್ಠ 100 ಮೀಟರ್ ಮೇಲೆ ಯಾವ ದಂಡೆಯಲ್ಲಿ ಹತ್ತುವುದು ಎಂದು ಗುರುತು ಮಾಡಿ, ಅಲ್ಲೊಂದು ಬಣ್ಣದ ಬಟ್ಟೆ ಕಟ್ಟಿ ಬನ್ನಿ. ದೋಣಿ ಹೊತ್ತು ಬಾಂದಾರ ದಾಟಿ, ಕೆಳಗೆ ನೊರೆ ಮುಗಿದು ನೀರು ಪೂರ್ತಿ ಮುಂದಕ್ಕೆ ಹರಿಯುವಲ್ಲಿ ಮತ್ತೆ ಇಳಿಸಿ. ಯಾರಾದರೂ ಸಿಕ್ಕಿಕೊಂಡರೆ ಹಿಂದೆ ಇನ್ನೊಬ್ಬರು ಹಾರಬಾರದು. ದಂಡೆಯಿಂದ ಹಗ್ಗ ಎಸೆಯಬೇಕು. 15ರಿಂದ 20 ಮೀಟರಿನ ತೇಲುವ ಪಾಲಿಪ್ರೊಪಿಲೀನ್ ಹಗ್ಗ ಚೀಲದಲ್ಲಿ ಸಡಿಲವಾಗಿ ತುಂಬಿರಬೇಕು, ಸುತ್ತಿ ಗಂಟು ಹಾಕಿದ ನೂಲಿನ ಹಗ್ಗ ಬೇಡ. ನೂಲು ನೀರು ಕುಡಿದು ಮುಳುಗುತ್ತದೆ.

ಇನ್ನು ಲೆಕ್ಕ. ಹರಿವಿನ ವೇಗ ತಿಳಿಯಲು ದಂಡೆಯ ಮೇಲೆ 20 ಮೀಟರ್ ಹಗ್ಗ ಹಾಸಿ, ಮೇಲ್ತುದಿಯ ಎದುರಿಗೆ ನೀರಿಗೆ ಒಂದು ನಿಂಬೆಹಣ್ಣು ಎಸೆಯಿರಿ. ನಿಂಬೆಹಣ್ಣೇ ಯಾಕೆಂದರೆ ಅದು ಮುಕ್ಕಾಲು ಮುಳುಗಿ ತೇಲುತ್ತದೆ, ಗಾಳಿ ಅದನ್ನು ದಬ್ಬುವುದಿಲ್ಲ. ಕೆಳತುದಿ ದಾಟಲು 20 ಸೆಕೆಂಡು ಹಿಡಿದರೆ ನೀರಿನ ವೇಗ ಗಂಟೆಗೆ 3.6 ಕಿ.ಮೀ. ಹೊಸಬರು ಗಾಳಿ ಕಯಾಕಿನಲ್ಲಿ ಹುಟ್ಟು ಹಾಕುವ ವೇಗವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ತಿರುಗಿ ಬರುತ್ತೇವೆಂದರೆ ನಿಂತಲ್ಲೇ ಬೆವರುತ್ತೀರಿ. 10 ಸೆಕೆಂಡಿನಲ್ಲಿಯೇ ದಾಟಿತೆಂದರೆ ಆ ದಿನ ಇಳಿಯಬೇಡಿ. ನೀರಿನ ವೇಗ ಎರಡು ಪಟ್ಟಾದರೆ ಅದು ದಬ್ಬುವ ಬಲ ನಾಲ್ಕು ಪಟ್ಟಾಗುತ್ತದೆ.

ಟ್ಯೂಬ್ ಕೆರೆಗೆ ಸರಿ, ಹೊಳೆಗಲ್ಲ. ಅದಕ್ಕೆ ದಿಕ್ಕಿಲ್ಲ, ದಂಡೆಯ ಜಾಲಿಮುಳ್ಳು ಒಂದು ಸಾಕು, ಮತ್ತು ಒಂದೇ ಗಾಳಿಕೋಣೆ ಇರುವುದರಿಂದ ತೂತಾದರೆ ಪೂರ್ತಿ ಹೋಯಿತು. ಕಯಾಕಿನಲ್ಲಿ ಮೂರು ಬೇರೆ ಬೇರೆ ಗಾಳಿಕೋಣೆಗಳಾದರೂ ಇರಲಿ. ಬೆಳಿಗ್ಗೆ ಬಿಗಿಯಾಗಿ ಗಾಳಿ ತುಂಬಿದ ಕಯಾಕನ್ನು ಮಧ್ಯಾಹ್ನ ಊಟಕ್ಕೆ ನಿಂತಾಗ ಬಿಸಿಲಿನಲ್ಲಿ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಅಂಟುಹೊಲಿಗೆ ಬಿಚ್ಚಿಕೊಳ್ಳುತ್ತದೆ. ದಂಡೆಗೆ ಎಳೆದ ಕೂಡಲೇ ಸ್ವಲ್ಪ ಗಾಳಿ ಬಿಡಿ, ಮತ್ತೆ ನೀರಿಗಿಳಿಸಿ ತಣಿದ ಮೇಲೆ ತುಂಬಿ. ವರದೆಯಲ್ಲಿ ನೋಡಿಕೊಳ್ಳಬೇಕಾದ ಇನ್ನೂ ಮೂರು: ಮರಳು ತೆಗೆದ ಗುಂಡಿಗಳು (ಮೊಣಕಾಲುದ್ದದ ನೀರು ಮುಂದಿನ ಹೆಜ್ಜೆಗೆ ಆಳೆತ್ತರ ಆಗುತ್ತದೆ), ಮೀನಿನ ಬಲೆ, ಮತ್ತು ರೈತರ ಪಂಪ್‌ಸೆಟ್ಟಿನ ವೈರು. ದಂಡೆಯಲ್ಲಿ ವೈರು ನೀರಿಗಿಳಿದಿರುವ ಜಾಗದಲ್ಲಿ ಹತ್ತಬೇಡಿ, ಅದನ್ನು ಕೈಯಿಂದ ಸರಿಸಲೂಬೇಡಿ.

ಒಳ್ಳೆಯ ಕಾಲವೆಂದರೆ ಮಳೆ ನಿಂತು ಹೊಳೆ ತಿಳಿಯಾದ ಮೇಲೆ, ನವೆಂಬರ್, ಡಿಸೆಂಬರ್. ನೀರು ನಿಲ್ಲಿಸಲು ಬಾಂದಾರಗಳಿಗೆ ಹಲಗೆ ಹಾಕಿದ ಮೇಲೆ ಮೇಲೆಲ್ಲ ನಿಂತ ನೀರು, ಕೆಳಗೆ ಬರೀ ಮರಳು ಎಂಬ ಪರಿಸ್ಥಿತಿಯೂ ಬರುತ್ತದೆ. ಹಾಗಾದರೆ ಎರಡು ದಿನದ ಹಟ ಬಿಟ್ಟು, ಒಂದು ಬಾಂದಾರದ ಹಿನ್ನೀರಿನಲ್ಲಿ ಮೇಲಕ್ಕೆ ಹೋಗಿ ಅಲ್ಲಿಗೇ ವಾಪಸ್ ಬನ್ನಿ. ಅಲ್ಲಿಯೂ ಗೋಡೆಯಿಂದ 100 ಮೀಟರ್ ದೂರದ ಮಾತು ಮರೆಯಬೇಡಿ. ಊರಿನವರಿಗೆ, ಬಾಂದಾರದ ಗೇಟು ನೋಡಿಕೊಳ್ಳುವವರಿಗೆ ಮುಂಚೆಯೇ ತಿಳಿಸಿ. ಇಂದು ಹಲಗೆ ತೆಗೆಯುತ್ತಾರೋ ಇಲ್ಲವೋ ಎಂಬುದು ಅವರಿಗೆ ಗೊತ್ತಿರುವಂತೆ ನಕಾಶೆಗೆ ಗೊತ್ತಿರುವುದಿಲ್ಲ.

ಮಕ್ಕಳನ್ನು ಹಿನ್ನೀರಿನಲ್ಲಿ ದೋಣಿಗೆ ಕರೆದೊಯ್ಯಲು ಆನ್‌ಲೈನಿನಲ್ಲಿ ಲೈಫ್ ಜಾಕೆಟ್ ತರಿಸಿದ್ದೇನೆ. ನೋಡಲು ಚೆನ್ನಾಗಿದೆ, ತೀರ ಹಗುರ. ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ?
— ಗೃಹಿಣಿ, ಹುಬ್ಬಳ್ಳಿ

ಒಳಗಿನ ಚೀಟಿಯಲ್ಲಿ 50 ಅಥವಾ 100 ಎಂಬ ಅಂಕಿ, ಎಷ್ಟು ಕೆ.ಜಿ. ತೂಕದವರಿಗೆ ಎಂಬ ವಿವರ ಇರಬೇಕು. 50 ಎಂದರೆ 50 ನ್ಯೂಟನ್, ಸುಮಾರು 5 ಕೆ.ಜಿ. ಎತ್ತುವ ಶಕ್ತಿ. 60 ಕೆ.ಜಿ. ಮನುಷ್ಯನಿಗೆ 5 ಕೆ.ಜಿ. ಹೇಗೆ ಸಾಕು ಎಂದು ಅನ್ನಿಸಬಹುದು. ನೀರಿನೊಳಗೆ ಮೈ ತನ್ನಷ್ಟಕ್ಕೆ ಬಹುಪಾಲು ತೇಲುತ್ತದೆ, ಜಾಕೆಟ್ ಹೊರಬೇಕಾದ್ದು ನೀರಿನ ಮೇಲಿರುವ ತಲೆಯ ಭಾರವನ್ನು ಮಾತ್ರ. ಆದರೆ 50ರ ಜಾಕೆಟ್ ಈಜು ಬಲ್ಲವರಿಗೆ. ಪ್ರಜ್ಞೆ ತಪ್ಪಿ ಬೋರಲಾದವರನ್ನು ಅದು ಅಂಗಾತ ತಿರುಗಿಸುವುದಿಲ್ಲ. ಈಜು ಬಾರದ ಮಕ್ಕಳಿಗೆ 100ರದ್ದು, ಹಿಂದೆ ತಲೆ ಹಿಡಿಯುವ ಕೊರಳಪಟ್ಟಿ ಇರುವಂಥದ್ದು ಬೇಕು.

ದೊಡ್ಡವರ ಜಾಕೆಟನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಕಿರಾಣಿ ಅಂಗಡಿಯಿಂದ 5 ಕೆ.ಜಿ.ಯ ಕಬ್ಬಿಣದ ತೂಕದ ಕಲ್ಲು ತಂದು ಜಾಕೆಟ್ಟಿಗೆ ಕಟ್ಟಿ, ನೀರಿನ ಟಾಕಿಗೆ ಇಳಿಬಿಡಿ. ನೀರಿನೊಳಗೆ ಆ ಕಲ್ಲಿನ ತೂಕ ಸುಮಾರು 4.3 ಕೆ.ಜಿ.ಗೆ ಇಳಿಯುತ್ತದೆ. ಅದನ್ನೇ ಹೊರಲಾರದೆ ಮುಳುಗಿದರೆ ಚೀಟಿಯ ಮೇಲೆ 50 ಎಂದಿದ್ದರೂ ಅದು ಸುಳ್ಳು. ತೇಲಿದರೆ ಹಾಗೆಯೇ ಒಂದು ರಾತ್ರಿ ಬಿಡಿ. ಅಗ್ಗದ ಜಾಕೆಟ್ಟಿನೊಳಗೆ ಸಾಮಾನು ಕಟ್ಟಿ ಬರುವ ಪ್ಯಾಕಿಂಗ್ ಸ್ಪಂಜು ತುಂಬಿರುತ್ತಾರೆ. ಸಂಜೆ ತೇಲಿದ್ದು ಬೆಳಿಗ್ಗೆ ನೀರು ಕುಡಿದು ತಳದಲ್ಲಿ ಕೂತಿರುತ್ತದೆ.

ಮಕ್ಕಳಿಗೆ ತೊಡಿಸಿ, ಎಲ್ಲ ಬಕಲ್ ಹಾಕಿ, ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ. ಜಾಕೆಟ್ ಗದ್ದ ದಾಟಿ ಕಿವಿಗೆ ಬಂದರೆ ಅದು ದೊಡ್ಡದು. ನೀರಿನಲ್ಲಿಯೂ ಹೀಗೆಯೇ ಜಾಕೆಟ್ ಮೇಲೆ, ಮಗು ಕೆಳಗೆ. ತೊಡೆಯ ಸಂದಿನಿಂದ ಬರುವ ಪಟ್ಟಿ ಇದ್ದರೆ ಮಗು ಜಾರುವುದಿಲ್ಲ. ಆ ಪಟ್ಟಿ ಚುಚ್ಚುತ್ತದೆಂದು ಮಕ್ಕಳು ಅಳುತ್ತಾರೆ, ಬಿಚ್ಚಬೇಡಿ. ‘ಮುಂದಿನ ವರ್ಷಕ್ಕೂ ಆಗಲಿ’ ಎಂದು ಒಂದು ಅಳತೆ ದೊಡ್ಡದು ಕೊಳ್ಳುವುದು ಶಾಲೆಯ ಸಮವಸ್ತ್ರಕ್ಕೆ ಸರಿ, ಇದಕ್ಕಲ್ಲ.

ಹಳಿಗುಂಟ ನಡೆದು ದೂಧಸಾಗರಕ್ಕೆ ಹೋಗಬಹುದೇ?
— ಹುಬ್ಬಳ್ಳಿ, ಧಾರವಾಡದಿಂದ ಏಳು ಪತ್ರಗಳು

ಹೋಗಬಾರದು. ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಹಳಿಯ ಮೇಲೆ ಅತಿಕ್ರಮವಾಗಿ ನಡೆದರೆ 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸುರಂಗದೊಳಗೆ ರೈಲು ಬಂದರೆ ಗೋಡೆಗೆ ಒರಗಿ ನಿಲ್ಲುವಷ್ಟೂ ಜಾಗ ಎಲ್ಲ ಕಡೆ ಇಲ್ಲ. ಜಲಪಾತವನ್ನು ರೈಲಿನ ಕಿಟಕಿಯಿಂದ ನೋಡಿ, ಇಲ್ಲವೇ ಗೋವಾ ಕಡೆಯಿಂದ ಅರಣ್ಯ ಇಲಾಖೆ ಒಳಗೆ ಬಿಡುವ ಜೀಪಿನಲ್ಲಿ ಹೋಗಿ.

ಮನೆಮಂದಿ ಎಲ್ಲ ಕೂಡಿ ಕಪ್ಪತಗುಡ್ಡ ಹತ್ತಬೇಕಂತೀವಿ. ಇಬ್ಬರು ಸಣ್ಣ ಹುಡುಗರು, ನಮ್ಮ ಮಾವನವರಿಗೆ ಅರವತ್ತು ದಾಟ್ಯಾವ. ಎಷ್ಟ ಹೊತ್ತ ಹಿಡೀತದ, ನೀರು ಎಷ್ಟ ಒಯ್ಯಬೇಕು?
— ಮುಳಗುಂದ, ಗದಗ ಜಿಲ್ಲೆ

ಮೊದಲು ಅನುಮತಿಯ ಮಾತು. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಸುಮಾರು 244 ಚದರ ಕಿ.ಮೀ. ಡೋಣಿಯ ನಂದಿವೇರಿ ಮಠ, ಗಾಳಿಗುಂಡಿ ಬಸವಣ್ಣನಂಥ ಭಕ್ತರು ಹೋಗುವ ಜಾಗಗಳಿಗೆ ರೂಢಿಯ ದಾರಿ ಇದೆ. ಅದನ್ನು ಬಿಟ್ಟು ಒಳಗೆ ಹೊಕ್ಕು ಗುಡ್ಡ ಸುತ್ತಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ಮೊದಲೇ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಫೆಬ್ರುವರಿಯಿಂದ ಮುಂದೆ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಬೀಡಿ ಸಾಕು ಗುಡ್ಡ ಹೊತ್ತಲು. ಆ ತಿಂಗಳುಗಳಲ್ಲಿ ಬಿಡದಿದ್ದರೆ ಸಿಟ್ಟು ಮಾಡಿಕೊಳ್ಳಬೇಡಿ.

ಹೊತ್ತಿನ ಲೆಕ್ಕಕ್ಕೆ ಹಳೆಯ ಸೂತ್ರವೊಂದಿದೆ. ಸಮತಟ್ಟಿನಲ್ಲಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಹತ್ತುವ ಪ್ರತಿ 600 ಮೀಟರ್ ಎತ್ತರಕ್ಕೆ ಇನ್ನೊಂದು ಗಂಟೆ. ಸ್ಕಾಟ್‌ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟದ್ದು ಇದು. ಆದರೆ ಅದು ತಂಪು ಹವೆಯ, ಗಟ್ಟಿ ಕಾಲಿನವರ ಲೆಕ್ಕ. ಹೋಗಿಬರುವ 8 ಕಿ.ಮೀ. ದಾರಿ, 300 ಮೀಟರ್ ಏರು ಎಂದರೆ ಸೂತ್ರದಂತೆ 2 ಗಂಟೆ 6 ನಿಮಿಷ. ಹುಡುಗರು, ಹಿರಿಯರು, ನಮ್ಮ ಬಿಸಿಲು ಎಲ್ಲ ಸೇರಿದರೆ ಅದಕ್ಕೆ ಅರ್ಧ ಕೂಡಿಸಿ, 3 ಗಂಟೆ 10 ನಿಮಿಷ. ಕೂಡುವ ಹೊತ್ತು ಬೇರೆ. ಅರ್ಧ ಹೊತ್ತು ಕಳೆದರೂ ತುದಿ ಕಾಣದಿದ್ದರೆ ಅಲ್ಲಿಂದಲೇ ತಿರುಗಬೇಕು. ಇಳಿಯುವಾಗ ಬೇಗ ಆಗುತ್ತದೆ ಎಂಬುದು ಹಿರಿಯರ ಮೊಣಕಾಲಿಗೆ ಅನ್ವಯಿಸುವುದಿಲ್ಲ.

ಚಳಿಗಾಲದಲ್ಲಿ ತಲೆಗೆ ಗಂಟೆಗೆ ಅರ್ಧ ಲೀಟರ್ ನೀರು, ಬಿಸಿಲಿದ್ದರೆ ಮುಕ್ಕಾಲು. ಐದು ಗಂಟೆಯ ಸುತ್ತಾಟಕ್ಕೆ ಒಬ್ಬರಿಗೆ ಎರಡೂವರೆಯಿಂದ ನಾಲ್ಕು ಲೀಟರ್, ಅಂದರೆ ಅಷ್ಟೇ ಕೆ.ಜಿ. ಭಾರ. ಹುಡುಗರ ಪಾಲಿನದನ್ನು ನೀವೇ ಹೊರುವುದರಿಂದ ಬೇರೆ ಸಾಮಾನು ಕಡಿಮೆ ಮಾಡಿ. ಗುಡ್ಡದ ಮೇಲೆ ನೀರು ಸಿಗುತ್ತದೆಂದು ನಂಬಿ ಹೋಗಬೇಡಿ. ಬರೀ ನೀರೇ ಕುಡಿಯುತ್ತಿದ್ದರೆ ಬೆವರಿನ ಉಪ್ಪು ತುಂಬುವುದಿಲ್ಲ. ಒಂದು ಲೀಟರಿಗೆ ಆರು ಸಪಾಟು ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿದ ಒಂದು ಬಾಟಲಿ ಬೇರೆ ಇರಲಿ. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಗಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗುವುದಿಲ್ಲ. ಕೆಡುವುದಿಲ್ಲ, ಭಾರವಿಲ್ಲ, ಉಪ್ಪು ಇದೆ, ಎಣ್ಣೆ ಇದೆ. ಮೊಸರುಬುತ್ತಿ ಬೆಳಿಗ್ಗೆ ಹತ್ತು ಗಂಟೆಯೊಳಗೆ ಮುಗಿಸುವುದಾದರೆ ಮಾತ್ರ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಗುಡುಗು ಮಳೆಗೆ ಬೋಳುಗುಡ್ಡ ಅತಿ ಕೆಟ್ಟ ಜಾಗ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರು. ಮೂವತ್ತರೊಳಗೆ ಬಂದರೆ ಸಿಡಿಲು ನಿಮ್ಮನ್ನು ಮುಟ್ಟುವ ದೂರದಲ್ಲಿದೆ. ಏಣು ಬಿಟ್ಟು ಇಳಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ, ಕೊನೆಯ ಗುಡುಗಿನ ಅರ್ಧ ಗಂಟೆಯವರೆಗೆ ಮತ್ತೆ ಮೇಲೆ ಹೋಗಬೇಡಿ.

ಯಲ್ಲಾಪುರ ಕಡೆಯ ಕಾಡಿನಲ್ಲಿ ನಡೆಯುವಾಗ ಹಳ್ಳ ದಾಟುವುದೇ ದೊಡ್ಡ ಕಷ್ಟ. ಬೂಟು ಬಿಚ್ಚಬೇಕೇ? ಉಂಬಳಕ್ಕೆ, ಉಣ್ಣೆ ಹುಳಕ್ಕೆ ಏನು ಮಾಡಬೇಕು?
— ಬ್ಯಾಂಕ್ ನೌಕರ, ಕಲಘಟಗಿ

ಬೂಟು ಬಿಚ್ಚಬೇಡಿ. ಕಾಲುಚೀಲ ಮಾತ್ರ ತೆಗೆದು ಒದ್ದೆಯಾಗದಂತೆ ಮೇಲೆ ಇಟ್ಟುಕೊಂಡು, ಮತ್ತೆ ಬೂಟು ಹಾಕಿಯೇ ದಾಟಿ. ಬರಿಗಾಲು ಪಾಚಿಗಲ್ಲಿನ ಮೇಲೆ ಜಾರುತ್ತದೆ, ನೋವಾದರೆ ಹೆಜ್ಜೆ ಅವಸರವಾಗುತ್ತದೆ. ದಾಟುವ ಮುನ್ನ ಕೆಳಗೆ ಐವತ್ತು ಮೀಟರ್ ನೋಡಿ. ಬಿದ್ದರೆ ನೀರು ಎಲ್ಲಿಗೆ ಒಯ್ಯುತ್ತದೆ? ಕೆಳಗೆ ಜಲಪಾತವೋ ಅಡ್ಡ ಬಿದ್ದ ಮರವೋ ಇದ್ದರೆ ಆ ಜಾಗ ಎಷ್ಟೇ ತೆಳು ಇದ್ದರೂ ಬೇಡ. ಅಡ್ಡ ಬಿದ್ದ ಮರ ನೀರನ್ನು ಸೋಸಿ ಬಿಡುತ್ತದೆ, ಮನುಷ್ಯನನ್ನು ಹಿಡಿದಿಟ್ಟುಕೊಳ್ಳುತ್ತದೆ. ಚೀಲದ ಸೊಂಟಪಟ್ಟಿ ಬಿಚ್ಚಿರಿ. ಗಟ್ಟಿ ಕೋಲನ್ನು ಹರಿವು ಬರುವ ಕಡೆಗೆ ಊರಿ, ಮುಖವೂ ಅತ್ತ ಕಡೆಗೇ ಇರಲಿ. ಎರಡು ಕಾಲು, ಒಂದು ಕೋಲು, ಈ ಮೂರರಲ್ಲಿ ಒಂದು ಮಾತ್ರ ಒಮ್ಮೆಗೆ ಕದಲಬೇಕು. ರಭಸದ ನೀರು ಮೊಣಕಾಲು ದಾಟಿದರೆ ಹಿಂದಕ್ಕೆ ಬನ್ನಿ. ಕಾಡಿನ ಹಳ್ಳ ಏರಿದಷ್ಟೇ ಬೇಗ ಇಳಿಯುತ್ತದೆ, ಎರಡು ತಾಸು ಕಾದರೆ ಬಹಳ ಸಲ ದಾರಿ ತಾನೇ ತೆರೆಯುತ್ತದೆ. ಬೆಳಿಗ್ಗೆ ಸುಲಭವಾಗಿ ದಾಟಿದ ಹಳ್ಳ ಸಂಜೆ ದಾಟಲಾಗದಂತೆ ಆಗಬಹುದು ಎಂಬುದನ್ನೂ ಲೆಕ್ಕದಲ್ಲಿಡಿ. ಬೇಡ್ತಿಯ ಮೇಲಿನ ಹಳ್ಳಗಳಿಗೆ ನಿಮ್ಮ ಕಲಘಟಗಿ ಕಡೆ ಬಿದ್ದ ಮಳೆಯ ನೀರೇ ತಡವಾಗಿ ಬರುತ್ತದೆ.

ಉಂಬಳ ಅಸಹ್ಯ, ಅಪಾಯವಲ್ಲ. ಕಚ್ಚಿದ್ದರೆ ಉಪ್ಪು, ಸುಣ್ಣ, ಬೆಂಕಿ ಬೇಡ; ಅದು ಕುಡಿದದ್ದನ್ನು ಗಾಯದೊಳಗೇ ಕಾರುತ್ತದೆ. ಉಗುರನ್ನು ಚರ್ಮಕ್ಕೆ ತಾಗಿಸಿ ಬಾಯಿಯ ಕಡೆಯಿಂದ ಸರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಅದರ ಬಾಯಲ್ಲಿರುವುದರಿಂದ ತುಸು ಹೊತ್ತು ಸೋರುತ್ತದೆ, ಗಾಬರಿ ಬೇಡ. ಉಪ್ಪು ಹಾಕಿ ಒಣಗಿಸಿದ ಕಾಲುಚೀಲ ಹತ್ತದಂತೆ ತಡೆಯುವುದಕ್ಕೆ ಒಳ್ಳೆಯದು.

ಉಣ್ಣೆಯ ಮಾತು ಬೇರೆ. ಮಂಗನ ಕಾಯಿಲೆ ಹರಡುವುದು ಅದರಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಉತ್ತರ ಕನ್ನಡದಲ್ಲಿಯೂ ಕಾಣಿಸಿಕೊಂಡಿದೆ. ಕಾಲ ಸುಮಾರಾಗಿ ಡಿಸೆಂಬರಿನಿಂದ ಮೇವರೆಗೆ, ಅಂದರೆ ಸರಿಯಾಗಿ ಚಾರಣದ ಕಾಲ. ತಿಳಿಬಣ್ಣದ ಉದ್ದ ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಒಣ ಎಲೆಯ ಮೇಲೆ ನೇರ ಕೂಡಬೇಡಿ, ತಾಡಪತ್ರಿಯ ತುಂಡು ಹಾಸಿ. ಕಚ್ಚಿದ ಉಣ್ಣೆಯನ್ನು ಚಿಮಟಿಗೆಯಿಂದ ಚರ್ಮಕ್ಕೆ ಹತ್ತಿ ಹಿಡಿದು ನೇರ ಎಳೆಯಬೇಕು. ಬೆರಳಿನಿಂದ ಹಿಸುಕುವುದು, ಸೀಮೆಎಣ್ಣೆ ಹಚ್ಚುವುದು ಬೇಡ. ಎರಡು ವಾರದೊಳಗೆ ಜ್ವರ ಬಂದರೆ ವೈದ್ಯರಿಗೆ ‘ಕಾಡಿಗೆ ಹೋಗಿದ್ದೆ’ ಎಂಬುದನ್ನು ಮೊದಲ ಮಾತಾಗಿ ಹೇಳಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಇಲಾಖೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ.

ಮಗ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದಾನೆ. ಈ ಬೇಸಿಗೆಗೆ ನಮ್ಮನ್ನು ಬೌಂಡರಿ ವಾಟರ್ಸ್ ಎಂಬ ಕಾಡಿಗೆ ದೋಣಿಯಲ್ಲಿ ಕರೆದೊಯ್ಯುತ್ತಾನಂತೆ. ‘ಅಮ್ಮಾ, ದೋಣಿ ನಾವೇ ಹೊರಬೇಕು’ ಅನ್ನುತ್ತಾನೆ. ದೋಣಿಯಲ್ಲಿ ಹೋಗುವವರು ದೋಣಿ ಯಾಕೆ ಹೊರಬೇಕು?
— ನಿವೃತ್ತ ಶಿಕ್ಷಕಿ, ಧಾರವಾಡ

ಮಿನೆಸೋಟ ರಾಜ್ಯದ ಉತ್ತರದ ಗಡಿಯಲ್ಲಿ ಹತ್ತು ಲಕ್ಷ ಎಕರೆಗೂ ಮಿಗಿಲಾದ ಕಾಡು ಅದು. ಒಳಗೆ 1,100ಕ್ಕೂ ಹೆಚ್ಚು ಕೆರೆಗಳಿವೆ, ರಸ್ತೆಯಿಲ್ಲ. ಒಂದು ಕೆರೆಯಿಂದ ಇನ್ನೊಂದಕ್ಕೆ ನಡುವೆ ಕಾಲುದಾರಿ, ಅಲ್ಲಿ ದೋಣಿ ತಲೆಯ ಮೇಲೆ. ಆ ದಾರಿಗೆ ಪೋರ್ಟೇಜ್ ಎನ್ನುತ್ತಾರೆ, ಅಳೆಯುವುದು ‘ರಾಡ್’ ಎಂಬ ಹಳೆಯ ಮಾನದಲ್ಲಿ. ಒಂದು ರಾಡ್ ಎಂದರೆ ಹದಿನಾರೂವರೆ ಅಡಿ, ಹೆಚ್ಚುಕಡಿಮೆ ಒಂದು ದೋಣಿಯುದ್ದ. 320 ರಾಡ್‌ಗೆ ಒಂದು ಮೈಲಿ. ನಕಾಶೆಯಲ್ಲಿ 40 ಎಂದಿದ್ದರೆ 200 ಮೀಟರು, ನಿಮಗೂ ಸಲೀಸು. 150 ದಾಟಿದ ದಾರಿಗಳು ಬೇಡ ಎಂದು ಮಗನಿಗೆ ಮೊದಲೇ ಹೇಳಿ. ಸಾಮಾನು ಒಂದೇ ಸಲಕ್ಕೆ ಒಯ್ಯಲಾಗದಿದ್ದರೆ ಅದೇ ದಾರಿಯನ್ನು ಮೂರು ಸಲ ನಡೆಯಬೇಕಾಗುತ್ತದೆ, ಹೋಗಿ, ಬಂದು, ಮತ್ತೆ ಹೋಗಿ. ಇದನ್ನು ಹುಡುಗರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬಾಡಿಗೆಗೆ ಕೆವ್ಲಾರ್ ಎಂಬ ಹಗುರ, ಗಟ್ಟಿ ನಾರಿನ ದೋಣಿಯನ್ನೇ ಕೇಳಲಿ, 20 ಕೆ.ಜಿ. ಆಸುಪಾಸು. ಅಲ್ಯೂಮಿನಿಯಂ ಆದರೆ 30 ದಾಟುತ್ತದೆ. ಆದರೆ ಕೆವ್ಲಾರನ್ನು ದಂಡೆಗೆ ಎಳೆಯುವಂತಿಲ್ಲ, ಮೊಣಕಾಲು ನೀರಿನಲ್ಲಿ ನಿಂತು ಇಳಿದು ಎತ್ತಬೇಕು. ಗುಂಪಿನಲ್ಲಿ 9 ಮಂದಿ, 4 ದೋಣಿಗಿಂತ ಹೆಚ್ಚು ಇರುವಂತಿಲ್ಲ. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ರಾತ್ರಿ ತಂಗಲು ಪ್ರವೇಶದ್ವಾರಕ್ಕೆ ಇಷ್ಟೇ ಎಂದು ಪರವಾನಗಿ, ಮುಂಚೆಯೇ ಕಾಯ್ದಿರಿಸಬೇಕು. ಗಾಜಿನ ಬಾಟಲಿ, ತಗಡಿನ ಡಬ್ಬಿಯ ಆಹಾರ ನಿಷಿದ್ಧ. ನಿಮ್ಮ ಉಪ್ಪಿನಕಾಯಿ ಪ್ಲಾಸ್ಟಿಕ್ ಡಬ್ಬಿಗೆ ಬದಲಾಗಲಿ. ಕರಡಿಗಳಿರುವುದರಿಂದ ರಾತ್ರಿ ಊಟದ ಚೀಲ ಡೇರೆಯೊಳಗೆ ಇಡುವಂತಿಲ್ಲ, ಒಗ್ಗರಣೆಯ ವಾಸನೆ ಹಿಡಿದ ಸೀರೆಯನ್ನೂ ಅದರ ಜೊತೆಗೇ ಹಾಕಿ.

ಆ ದೋಣಿಗೆ ಒಂದೇ ಎಲೆಯ ಹುಟ್ಟು. ನೀವು ಮುಂದೆ ಕುಳಿತು ಸುಮ್ಮನೆ ಎಳೆದರೆ ಸಾಕು. ಹಿಂದಿನವರು ಬಲಗಡೆ ಎಳೆದಾಗಲೆಲ್ಲ ಮೂತಿ ಎಡಕ್ಕೆ ತಿರುಗುತ್ತದೆ; ಅದಕ್ಕೆ ಎಳೆತದ ಕೊನೆಯಲ್ಲಿ ಮೇಲಿನ ಕೈಯ ಹೆಬ್ಬೆರಳು ಕೆಳಮುಖವಾಗುವಂತೆ ಹುಟ್ಟು ಹೊರಳಿಸಿ, ಎಲೆಯನ್ನು ದೋಣಿಯಿಂದ ತುಸು ಹೊರಕ್ಕೆ ದಬ್ಬಬೇಕು. ಇಷ್ಟು ಬಂದರೆ ಪ್ರತಿ ನಾಲ್ಕು ಎಳೆತಕ್ಕೆ ಕೈ ಬದಲಿಸಿ ಮೈ ಒದ್ದೆ ಮಾಡಿಕೊಳ್ಳುವುದು ತಪ್ಪುತ್ತದೆ. ಹೊರಡುವ ಮುನ್ನ ಮನೆಯ ಹತ್ತಿರದ ಯಾವುದಾದರೂ ಕೆರೆಯಲ್ಲಿ ಒಂದು ತಾಸು ಅಭ್ಯಾಸ ಮಾಡಿಸಲಿ.

ಫೋನಿನ ನಕಾಶೆ ನಂಬಿ ಕಾಡಿಗೆ ಹೋಗಬಹುದೇ?
— ರಾಣೆಬೆನ್ನೂರು

ಮನೆಯಲ್ಲಿಯೇ ಡೌನ್‌ಲೋಡ್ ಮಾಡಿಕೊಂಡಿದ್ದರೆ. ನೆಟ್‌ವರ್ಕ್ ಇಲ್ಲದಲ್ಲಿ ಫೋನು ಸಿಗ್ನಲ್ ಹುಡುಕುತ್ತಲೇ ಬ್ಯಾಟರಿ ತಿನ್ನುತ್ತದೆ, ಏರೋಪ್ಲೇನ್ ಮೋಡ್‌ಗೆ ಹಾಕಿದರೂ ಜಿಪಿಎಸ್ ನಡೆಯುತ್ತದೆ. ಜೊತೆಗೆ ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ನಕಾಶೆಯ ಪ್ರಿಂಟು ಇರಲಿ. ಅದರಲ್ಲಿ 2 ಸೆಂ.ಮೀ.ಗೆ ಒಂದು ಕಿಲೋಮೀಟರು, ಕಂದುಗೆರೆಗಳ ನಡುವೆ 20 ಮೀಟರ್ ಎತ್ತರ. ಗೆರೆಗಳು ಒತ್ತಾಗಿ ಬಂದು ನೀಲಿ ಗೆರೆಯನ್ನು ಕತ್ತರಿಸಿದರೆ ಅಲ್ಲಿ ಹೊಳೆ ಬೀಳುತ್ತದೆ. ಆದರೆ ಹೊಸ ಬಾಂದಾರ ಯಾವ ಹಳೆಯ ನಕಾಶೆಯಲ್ಲಿಯೂ ಇರುವುದಿಲ್ಲ.

ಹಮ್ಮಿಗಿ ಬ್ಯಾರೇಜಿನ ಹಿನ್ನೀರಾಗ ಹರಿಗೋಲು ನಡಸಾಕ ನೋಡಿದ್ವಿ. ಗಿರಗಿರ ತಿರಗತೈತಿ, ಮುಂದ ಹೋಗವಲ್ದು. ಅಂಬಿಗರು ಹೆಂಗ ನಡಸ್ತಾರ?
— ಮುಂಡರಗಿ

ದೋಣಿಯಂತೆ ಪಕ್ಕದಲ್ಲಿ ಹುಟ್ಟು ಹಾಕಿದ್ದೀರಿ. ಹರಿಗೋಲಿಗೆ ಮೂತಿಯೂ ಇಲ್ಲ, ಬೆನ್ನೂ ಇಲ್ಲ, ಪಕ್ಕದಲ್ಲಿ ಎಳೆದರೆ ತಿರುಗದೆ ಇನ್ನೇನು ಮಾಡೀತು? ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ಅಂಚಿಗೆ ಮೊಣಕಾಲೂರಿ, ಹುಟ್ಟನ್ನು ನೇರ ಮುಂದೆ ಆಳಕ್ಕೆ ಇಳಿಸಿ. ಎಡಕ್ಕೆ, ಬಲಕ್ಕೆ, ಅಡ್ಡ ಮಲಗಿದ ಎಂಟರ ಅಂಕಿ ಬರೆದಂತೆ ಎಲೆಯನ್ನು ಆಡಿಸಿ. ಪ್ರತಿ ಹೊರಳಿಗೆ ಎಲೆಯ ಒಳಮುಖ ನಿಮ್ಮ ಕಡೆ ನೀರನ್ನು ಸೆಳೆಯುವಂತೆ ಮಣಿಕಟ್ಟು ತಿರುಗಿಸಬೇಕು. ಹುಟ್ಟು ನೀರಿನಿಂದ ಮೇಲೆ ಬರುವುದೇ ಇಲ್ಲ. ಕೂತವರೆಲ್ಲ ಹಿಂದಿನ ಅರ್ಧದಲ್ಲಿ ಕೂಡಲಿ, ನಿಮ್ಮ ಭಾರಕ್ಕೆ ಮುಂದಿನಂಚು ನೀರು ಮುಟ್ಟದಿರಲಿ. ಗಾಳಿ ಎದುರಿಗಿದ್ದರೆ ಅಂಬಿಗರೂ ದಂಡೆಯ ಮರೆಯಲ್ಲಿಯೇ ಹೋಗುತ್ತಾರೆ. ಜಾಕೆಟ್ ತೊಟ್ಟು, ಬ್ಯಾರೇಜಿನ ಗೇಟುಗಳಿಂದ ದೂರದಲ್ಲಿ, ಕಾಲು ನೆಲಕ್ಕೆ ಮುಟ್ಟುವ ನೀರಿನಲ್ಲಿ ಮೊದಲ ಎರಡು ದಿನ ಕಲಿಯಿರಿ. ಏರುವಾಗ ಪಾದ ಅಂಚಿನ ಮೇಲಿಡದೆ ನೇರ ನಡುವೆ ಇಡಿ. ಹರಿಗೋಲು ಮಗುಚುವುದು ಹೆಚ್ಚಾಗಿ ದಂಡೆಯಲ್ಲಿಯೇ.